ಕಯೋಟಿಗೂ ಜಿಂಕೆಗೂ ಒಂದೇ ರೈಫಲ್: ಕ್ಯಾಲಿಬರ್ ಆರಿಸುವುದು ಹೇಗೆ?

ನೇರವಾಗಿ ವಿಷಯಕ್ಕೆ ಬರುತ್ತೇನೆ. ಕಯೋಟಿ (ನರಿಯಂಥ ಅಮೆರಿಕದ ಕಾಡುಪ್ರಾಣಿ), ಜಿಂಕೆ ಎರಡಕ್ಕೂ ಒಂದೇ ರೈಫಲ್ ಇಟ್ಟುಕೊಳ್ಳಬೇಕು ಅನ್ನುವವರು ಜಿಂಕೆಯನ್ನು ಮುಂದಿಟ್ಟುಕೊಂಡು ಕ್ಯಾಲಿಬರ್, ಅಂದರೆ ಗುಂಡಿನ ವ್ಯಾಸ ಮತ್ತು ಅದರ ಕಾಡತೂಸಿನ ಬಗೆ, ಆರಿಸಬೇಕು. ಜಿಂಕೆಗೆ ಸಾಕಾಗುವ ರೈಫಲ್ ಕಯೋಟಿಗೆ ಸಾಕೇ ಸಾಕು. ಕಯೋಟಿಗೆಂದು ಕೊಂಡದ್ದು ಜಿಂಕೆಗೆ ಸಾಲದೇ ಹೋಗಬಹುದು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಅದನ್ನು ಜಿಂಕೆಯ ಮೇಲೆ ಹಾರಿಸಿದರೆ ಅಪರಾಧವೂ ಹೌದು. ಆದರೆ ಅಂಗಡಿಯ ಕೌಂಟರಿನಲ್ಲಿ ಮಾತು ಶುರುವಾಗುವುದೇ ವೇಗದಿಂದ: "ಇದು ಸೆಕೆಂಡಿಗೆ ಇಷ್ಟು ಅಡಿ ಹೋಗುತ್ತೆ, ಅದು ಅಷ್ಟು ಹೋಗುತ್ತೆ." ವೇಗ ಆಮೇಲೆ ನೋಡೋಣ.

ಇದನ್ನು ಬರೆಯುತ್ತಿರುವುದು ಅಮೆರಿಕದಲ್ಲಿರುವ ನಮ್ಮವರಿಗೆ. ಟೆಕ್ಸಸ್, ಕೊಲರಾಡೊ ಕಡೆ ನೆಲೆಸಿ, ಸಹೋದ್ಯೋಗಿಗಳ ಜೊತೆ ಶಿಕಾರಿಗೆ ಹೋಗುವ ಕನ್ನಡಿಗರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಊರಲ್ಲಿ ಇದು ನಡೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಭಾರತದಲ್ಲಿ ಶಿಕಾರಿ ನಿಷಿದ್ಧ. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯ ವಿನಾಯಿತಿ ಇದೆ ನಿಜ. ಕೈಲ್ ಪೊಳ್ದ್ ದಿನ ಅದಕ್ಕೆ ಪೂಜೆ ಮಾಡಬಹುದು, ತೆಂಗಿನಕಾಯಿಗೆ ಗುಂಡು ಹೊಡೆಯಬಹುದು. ಕಾಡುಪ್ರಾಣಿಗೆ ಹೊಡೆಯುವಂತಿಲ್ಲ. ಇನ್ನೊಂದು ಮಾತು: ಮಲೆನಾಡು, ಕೊಡಗಿನ ಕಡೆಯವರಿಗೆ ಕೋವಿ ಅಂದರೆ ಜೋಡುನಳಿಗೆಯ 12 ಬೋರ್. ಅದರಲ್ಲಿ ಚರೆ ಹರಡುತ್ತದೆ, ಮೂವತ್ತು ನಲವತ್ತು ಗಜದ ಆಟ. ರೈಫಲ್‌ನಲ್ಲಿ ಹೋಗುವುದು ಒಂದೇ ಗುಂಡು, ಅದೂ ನೂರಾರು ಗಜ ದೂರಕ್ಕೆ. ಜೋಡುನಳಿಗೆಯ ಅನುಭವ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ.

ಹೆಜ್ಜೆ 1: ಅಂಗಡಿಗಿಂತ ಮೊದಲು ಕಾನೂನು

ಮೊದಲ ಪ್ರಶ್ನೆ ನಿಮ್ಮ ವೀಸಾದ್ದು. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ಮುಖ್ಯವಾದದ್ದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಕೈಯಲ್ಲಿರುವುದು. "ಸುಮ್ನೆ ಗೆಳೆಯನ ರೈಫಲ್‌ನಲ್ಲಿ ಶೂಟಿಂಗ್ ರೇಂಜಿನಲ್ಲಿ ನಾಲ್ಕು ಗುಂಡು ಹಾರಿಸಿ ನೋಡುತ್ತೇನೆ" ಅನ್ನುವವರಿಗೂ ಇದು ಅನ್ವಯಿಸುತ್ತದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಸ್ವಲ್ಪ ಅನುಮಾನ ಇದ್ದರೂ ವಲಸೆ ವಕೀಲರನ್ನು ಒಮ್ಮೆ ಕೇಳಿ. ಒಂದು ಶಿಕಾರಿಗಾಗಿ ವೀಸಾ ಕಳೆದುಕೊಳ್ಳುವುದು ಯಾರಿಗೂ ಬೇಡ.

ಆಮೇಲೆ ಬೇಟೆಗಾರರ ಸುರಕ್ಷತಾ ತರಬೇತಿ. ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಅದರ ನಂತರ ಹುಟ್ಟಿದವರಿಗೆ, ಕೊಲರಾಡೊದಲ್ಲಿ 1949ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ ಇದು ಬೇಕು. ಅಂದರೆ ಇದನ್ನು ಓದುತ್ತಿರುವ ಬಹುತೇಕ ಎಲ್ಲರಿಗೂ.

ಮೂರನೆಯದು ಕ್ಯಾಲಿಬರಿನ ನಿಯಮ. ಇದು ರಾಜ್ಯದಿಂದ ರಾಜ್ಯಕ್ಕೆ ಪೂರ್ತಿ ಬದಲಾಗುತ್ತದೆ. ಟೆಕ್ಸಸ್‌ನಲ್ಲಿ .22 ಎಲ್‌ಆರ್‌ನಂಥ ರಿಮ್‌ಫೈರ್ (ತಳದ ಅಂಚಿಗೆ ಬಡಿದು ಹಾರಿಸುವ ಸಣ್ಣ) ಕಾಡತೂಸಿನಲ್ಲಿ ಜಿಂಕೆ ಹೊಡೆಯುವಂತಿಲ್ಲ, ಆದರೆ .223ಗೆ ಅಡ್ಡಿಯಿಲ್ಲ. ಕೊಲರಾಡೊದಲ್ಲಿ ಜಿಂಕೆಗೆ ಗುಂಡಿನ ವ್ಯಾಸ ಕನಿಷ್ಠ .24 ಇಂಚು, ಅಂದರೆ 6 ಮಿ.ಮೀ. ಇರಬೇಕು. ತೂಕ 70 ಗ್ರೇನ್‌ಗಿಂತ (ಸುಮಾರು ನಾಲ್ಕೂವರೆ ಗ್ರಾಂ) ಕಡಿಮೆ ಇರಬಾರದು. ತಗುಲಿದ ಮೇಲೆ ಅರಳುವ ಗುಂಡೇ ಆಗಬೇಕು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ವರ್ಜೀನಿಯಾದಲ್ಲಿ .23 ಇಂಚು. ಒಹಾಯೊದಲ್ಲಂತೂ ಜಿಂಕೆಗೆ .357ರಿಂದ .50ರವರೆಗಿನ, ಕತ್ತು ಕಿರಿದಾಗದ ನೇರ ಗೋಡೆಯ ಕಾಡತೂಸು ಮಾತ್ರ. ಮುಂದೆ ಹೇಳುವ ಬಹುಪಾಲು ಮಾತು ಒಹಾಯೊದ ಜಿಂಕೆಗೆ ಹೊಂದುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತೆಯೇ ಇಲ್ಲ. ಪ್ರತಿ ರಾಜ್ಯದ ವನ್ಯಜೀವಿ ಇಲಾಖೆಯೂ ವರ್ಷವರ್ಷ ನಿಯಮಗಳ ಕಿರುಹೊತ್ತಿಗೆ ಹೊರಡಿಸುತ್ತದೆ. ಈ ವರ್ಷದ್ದನ್ನೇ ತೆಗೆದು ನೋಡಿ, ಕಳೆದ ವರ್ಷದ್ದನ್ನಲ್ಲ.

ಹೆಜ್ಜೆ 2: ಎರಡು ಪ್ರಾಣಿಗಳ ಅಳತೆ

ಕಯೋಟಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಸಾಮಾನ್ಯವಾಗಿ 20ರಿಂದ 50 ಪೌಂಡ್, ಅಂದರೆ 9ರಿಂದ 23 ಕಿಲೋ. ಚಳಿಗಾಲದ ರೋಮದಲ್ಲಿ ದಪ್ಪಗೆ ಕಾಣುತ್ತದೆ, ಒಳಗೆ ಮೈ ಸಣಕಲು. ಗುರಿ ಇಡಬೇಕಾದ ಎದೆಯ ಜಾಗ ನಾಲ್ಕೈದು ಇಂಚು ಅಗಲ ಅಷ್ಟೆ. ಅಲ್ಲಿನ ಎರಡು ಬಗೆಯ ಜಿಂಕೆ, ಬಿಳಿಬಾಲದ್ದು ಮತ್ತು ಮ್ಯೂಲ್ ಡೀರ್, ಇದರ ಹಲವು ಪಟ್ಟು ತೂಗುತ್ತವೆ. ಉತ್ತರದ ರಾಜ್ಯಗಳ ಬಲಿತ ಗಂಡು 100 ಕಿಲೋ ದಾಟುವುದುಂಟು. ಎದೆಯ ಜಾಗ ಎಂಟು ಇಂಚಿನ ವೃತ್ತದಷ್ಟು, ಆದರೆ ಅಲ್ಲಿಗೆ ಮುಟ್ಟಲು ಗುಂಡು ಚರ್ಮ, ಮಾಂಸ, ಪಕ್ಕೆಲುಬು, ಕೆಲವೊಮ್ಮೆ ಭುಜದ ಮೂಳೆಯನ್ನೂ ದಾಟಬೇಕು.

ಹಾಗಾಗಿ ಕಯೋಟಿ ಬೇಡುವುದು ನಿಖರತೆಯನ್ನು, ಜಿಂಕೆ ಬೇಡುವುದು ಆಳವನ್ನು.

ದೂರದ ಬಗ್ಗೆ ಜನ ಸುಮ್ಮನೆ ಹೆದರುತ್ತಾರೆ. ಕಯೋಟಿಯನ್ನು ಹೆಚ್ಚಾಗಿ ಕೂಗಿ ಕರೆಯುತ್ತಾರೆ. ಗಾಯಗೊಂಡ ಮೊಲದ ಅರಚಾಟವನ್ನು ಬಾಯಲ್ಲಿ ಊದುವ ಪೀಪಿಯಿಂದಲೋ ಸ್ಪೀಕರಿನಿಂದಲೋ ಹೊರಡಿಸಿ, ಗಾಳಿ ನೋಡಿಕೊಂಡು ಅಲುಗಾಡದೆ ಕೂರುತ್ತಾರೆ. ಬಂದರೆ ಹತ್ತಿರಕ್ಕೇ ಬರುತ್ತದೆ, 50ರಿಂದ 150 ಗಜದೊಳಗೆ. ಬಹಳ ಸಲ ಗಾಳಿಯ ಕೆಳದಿಕ್ಕಿಗೆ ಸುತ್ತು ಹಾಕಿ ವಾಸನೆ ನೋಡುತ್ತದೆ. 400 ಗಜದ ರೈಫಲ್ ಬೇಕೇ ಬೇಕು ಅನ್ನುವವರ ಮಾತನ್ನು ಅರ್ಧಕ್ಕೆ ಇಳಿಸಿ ಕೇಳಿ.

ಹೆಜ್ಜೆ 3: ಕ್ಯಾಲಿಬರ್ ಸಾಲಿನಲ್ಲಿ ನಿಮ್ಮ ಜಾಗ

ಒಂದು ತುದಿಯಲ್ಲಿ .204 ರುಗರ್, .223 ರೆಮಿಂಗ್ಟನ್, .22-250 ರೆಮಿಂಗ್ಟನ್. ಕಯೋಟಿಗೆ ಮೂರೂ ಸೊಗಸು. .223ಯ 55 ಗ್ರೇನ್ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ 3,240 ಅಡಿ ವೇಗದಲ್ಲಿರುತ್ತದೆ. ಕಾಡತೂಸು ಅಗ್ಗ, ಊರೂರಲ್ಲಿ ಸಿಗುತ್ತದೆ, ರೈಫಲ್ ಹೆಚ್ಚು ಒದೆಯುವುದೂ ಇಲ್ಲ. ಅದೇ ತೂಕದ ಗುಂಡನ್ನು .22-250 ಸುಮಾರು 3,680 ಅಡಿ ವೇಗದಲ್ಲಿ ಕಳಿಸುತ್ತದೆ. 300 ಗಜದವರೆಗೂ ಲೆಕ್ಕ ಹಾಕದೆ ಹೊಡೆಯಬಹುದು ಅನ್ನುವ ಮಟ್ಟಿಗೆ ನೇರ. ಆದರೆ ಕೊಲರಾಡೊದಂಥ ಕಡೆ ಈ ಮೂರೂ ಜಿಂಕೆಗೆ ಕಾನೂನುಬಾಹಿರ. ವ್ಯಾಸದ ನಿಯಮ ಪಕ್ಕಕ್ಕಿಟ್ಟರೂ, .223ಯ ಸಾಮಾನ್ಯ 55 ಗ್ರೇನ್ ಸಾಫ್ಟ್ ಪಾಯಿಂಟ್ (ತುದಿಯಲ್ಲಿ ಸೀಸ ತೆರೆದಿರುವ) ಗುಂಡಿಗೆ 100 ಗಜ ತಲುಪುವಾಗ ಉಳಿಯುವುದು 900 ಚಿಲ್ಲರೆ ಅಡಿ-ಪೌಂಡ್. ಟೆಕ್ಸಸ್‌ನಲ್ಲಿ ಇದರಲ್ಲೇ ಜಿಂಕೆ ಹೊಡೆಯುವವರಿದ್ದಾರೆ. ಒಳ್ಳೆಯ ಗುಂಡು, ಹತ್ತಿರದ ದೂರ, ಕಾದು ಹೊಡೆಯುವ ತಾಳ್ಮೆ ಇದ್ದರೆ ಆಗುತ್ತದೆ. ಹೊಸಬರಿಗೆ ನಾನು ಹೇಳುವುದಿಲ್ಲ.

ಇನ್ನೊಂದು ತುದಿಯಲ್ಲಿ .308 ವಿಂಚೆಸ್ಟರ್, .270 ವಿಂಚೆಸ್ಟರ್, .30-06. ಜಿಂಕೆಯೇನು, ಅದಕ್ಕಿಂತ ಬಹಳ ದೊಡ್ಡದಾದ ಎಲ್ಕ್‌ಗೂ ಸಾಕು. ಕಯೋಟಿಗೆ ಇಷ್ಟು ಬೇಕಾಗಿಲ್ಲ. ಒದೆತ ಜಾಸ್ತಿ, ಕಾಡತೂಸು ದುಬಾರಿ, ಹಾಗಾಗಿ ಅಭ್ಯಾಸ ಕಡಿಮೆಯಾಗುತ್ತದೆ. ಆದರೆ ಮನೆಯಲ್ಲಿ ಈಗಾಗಲೇ .308 ಇದ್ದರೆ ಇನ್ನೊಂದು ಕೊಳ್ಳಲು ಓಡಬೇಡಿ. ಅದರಲ್ಲೇ ಎರಡೂ ಆಗುತ್ತದೆ.

ನಡುವೆ ಇರುವವು .243 ವಿಂಚೆಸ್ಟರ್, 6 ಎಂಎಂ ಕ್ರೀಡ್‌ಮೂರ್, .25-06 ರೆಮಿಂಗ್ಟನ್, 6.5 ಕ್ರೀಡ್‌ಮೂರ್, 7ಎಂಎಂ-08. ನಿಮಗೆ ಬೇಕಾದದ್ದು ಇಲ್ಲೇ ಇದೆ.

ಬಹುತೇಕರಿಗೆ ನನ್ನ ಉತ್ತರ .243. ಇದರ ಹಿಂದೆ ಒಂದು ಕಥೆಯಿದೆ, ನಮ್ಮ ಪ್ರಶ್ನೆಗೆ ನೇರವಾಗಿ ತಾಗುವಂಥದ್ದು. 1955ರಲ್ಲಿ ಎರಡು ಕಂಪನಿಗಳು ಒಂದೇ ವ್ಯಾಸದ ಗುಂಡಿಗೆ ಎರಡು ಕಾಡತೂಸು ತಂದವು: ವಿಂಚೆಸ್ಟರ್‌ನ .243, ರೆಮಿಂಗ್ಟನ್‌ನ .244. ರೆಮಿಂಗ್ಟನ್‌ದು ಮದ್ದಿನ ಜಾಗ ಸ್ವಲ್ಪ ಜಾಸ್ತಿಯೇ ಇದ್ದ ಕಾಡತೂಸು. ಆದರೆ ಜನ ಇದನ್ನು ಸಣ್ಣ ಪ್ರಾಣಿಗಳಿಗೆ ಬಳಸುತ್ತಾರೆ ಅಂದುಕೊಂಡು, ನಳಿಗೆಯೊಳಗಿನ ಸುರುಳಿಗೆರೆ 12 ಇಂಚಿಗೆ ಒಂದು ಸುತ್ತು ಬರುವಂತೆ ಮಾಡಿದರು. ಹಗುರ ಗುಂಡಿಗೆ ಅದು ಸರಿ. 100 ಗ್ರೇನ್‌ನ ಉದ್ದ ಗುಂಡಿಗೆ ಆ ತಿರುವು ಸಾಲದು, ಅದು ಹಾರುತ್ತ ತೂರಾಡುತ್ತದೆ. ವಿಂಚೆಸ್ಟರ್‌ನವರು 10 ಇಂಚಿಗೆ ಒಂದು ಸುತ್ತು ಕೊಟ್ಟರು, 100 ಗ್ರೇನ್ ಗುಂಡನ್ನೂ ಮಾರಿದರು. ಜನಕ್ಕೆ ಬೇಕಾಗಿದ್ದದ್ದು ಎರಡಕ್ಕೂ ಆಗುವ ಒಂದು ರೈಫಲ್. ಎಲ್ಲರೂ ವಿಂಚೆಸ್ಟರ್ ಕಡೆ ಹೋದರು. ರೆಮಿಂಗ್ಟನ್ ಆಮೇಲೆ ತಿರುವನ್ನು 9 ಇಂಚಿಗೆ ಇಳಿಸಿ, 1963ರಲ್ಲಿ 6 ಎಂಎಂ ರೆಮಿಂಗ್ಟನ್ ಎಂದು ಹೆಸರು ಬದಲಿಸಿದರೂ ಮೊದಲು ಕಳೆದುಕೊಂಡ ಗಿರಾಕಿ ವಾಪಸ್ ಬರಲಿಲ್ಲ.

.243ಯ 100 ಗ್ರೇನ್ ಗುಂಡು ಸೆಕೆಂಡಿಗೆ 2,960 ಅಡಿಯಲ್ಲಿ ಹೊರಟು, 100 ಗಜದಲ್ಲಿ 1,600 ಅಡಿ-ಪೌಂಡ್ ಆಸುಪಾಸು ಇಟ್ಟುಕೊಂಡಿರುತ್ತದೆ. ಅದೇ ರೈಫಲ್‌ಗೆ 58 ಗ್ರೇನ್ ಗುಂಡು ಹಾಕಿದರೆ 3,900 ಅಡಿ ದಾಟುತ್ತದೆ. ಒಂದೇ ನಳಿಗೆಯಲ್ಲಿ ಜಿಂಕೆಯದ್ದೂ ಆಯಿತು, ಕಯೋಟಿಯದ್ದೂ ಆಯಿತು.

ಮುಂದೆ ಎಲ್ಕ್‌ಗೂ ಹೋಗುವ ಆಸೆಯಿದ್ದರೆ, ಅಥವಾ ನಿಮ್ಮ ಕಡೆ ಬಯಲು ಜಾಸ್ತಿ, ಗಾಳಿ ಜೋರು ಅಂದರೆ 6.5 ಕ್ರೀಡ್‌ಮೂರ್ ನೋಡಿ. 2007ರಲ್ಲಿ ಹಾರ್ನಡಿ ಕಂಪನಿ ತಂದದ್ದು. 140 ಗ್ರೇನ್ ಆಜುಬಾಜಿನ ಸಪೂರ ಗುಂಡು ಗಾಳಿಗೆ ಅಷ್ಟು ಸುಲಭವಾಗಿ ಸರಿಯುವುದಿಲ್ಲ. ಕಯೋಟಿಗೆ 95 ಗ್ರೇನ್‌ನ ಹಗುರ ಗುಂಡೂ ಸಿಗುತ್ತದೆ. .25-06 ನನಗೆ ಇಷ್ಟವಾದದ್ದೇ, ಆದರೆ ಸಣ್ಣ ಊರಿನ ಅಂಗಡಿಯಲ್ಲಿ ಅದರ ಡಬ್ಬಿ ಹುಡುಕುವುದು ಕಷ್ಟ.

ಹೆಜ್ಜೆ 4: ಗುಂಡು ಆರಿಸಿ, ಇಲ್ಲಿ ಅವಸರ ಬೇಡ

ಕ್ಯಾಲಿಬರಿನ ಬಗ್ಗೆ ಗಂಟೆಗಟ್ಟಲೆ ಜಗಳ ಆಡುವವರು ಗುಂಡನ್ನು ಎರಡು ನಿಮಿಷದಲ್ಲಿ ಆರಿಸುತ್ತಾರೆ. ನನ್ನ ಲೆಕ್ಕದಲ್ಲಿ ಉಲ್ಟಾ ಆಗಬೇಕು. ಪ್ರಾಣಿಯೊಳಗೆ ಕೆಲಸ ಮಾಡುವುದು ಡಬ್ಬಿಯ ಮೇಲಿನ ಹೆಸರಲ್ಲ, ಈ ಆರೇಳು ಗ್ರಾಂ ಲೋಹ. 100 ಗ್ರೇನ್ ಅಂದರೆ ಆರೂವರೆ ಗ್ರಾಂ ಅಷ್ಟೆ.

ಎರಡು ಜಾತಿ ಇವೆ. ಒಂದು ಸಣ್ಣ ಪ್ರಾಣಿಗಳ ಗುಂಡು: ಹಾರ್ನಡಿ ವಿ-ಮ್ಯಾಕ್ಸ್, ಸಿಯೆರಾ ಬ್ಲಿಟ್ಜ್‌ಕಿಂಗ್, ಈ ಥರದ್ದು. ಮೇಲಿನ ತಾಮ್ರದ ಹೊದಿಕೆ ತೆಳು, ತುದಿಗೆ ಬಣ್ಣದ ಪ್ಲಾಸ್ಟಿಕ್. ತಗುಲಿದ ಒಂದೆರಡು ಇಂಚಿನೊಳಗೆ ಹಪ್ಪಳದಂತೆ ಪುಡಿಯಾಗುತ್ತದೆ. ಸಣಕಲು ಮೈಯ ಕಯೋಟಿ ಅಲ್ಲೇ ಬೀಳುತ್ತದೆ. ಗುಂಡು ಆಚೆ ಬದಿಗೆ ಹೊರಬರದಿದ್ದರೆ ಚರ್ಮವೂ ಉಳಿಯುತ್ತದೆ. ಇದನ್ನೇ ಜಿಂಕೆಯ ಭುಜಕ್ಕೆ ಹೊಡೆದರೆ? ಮೇಲ್ಮೈಯಲ್ಲಿ ತಟ್ಟೆಯಗಲದ ಗಾಯವಾಗುತ್ತದೆ, ಶ್ವಾಸಕೋಶದವರೆಗೆ ಏನೂ ಮುಟ್ಟುವುದಿಲ್ಲ. ಜಿಂಕೆ ಓಡಿ ಹೋಗಿ ಎಲ್ಲೋ ದಿನಗಟ್ಟಲೆ ನರಳಿ ಸಾಯುತ್ತದೆ.

ಇನ್ನೊಂದು ಜಿಂಕೆಯ ಗುಂಡು. ಹೊದಿಕೆ ದಪ್ಪ, ಅರಳುತ್ತದೆ ಆದರೆ ಒಡೆಯುವುದಿಲ್ಲ. .243ಯಲ್ಲಿ 95ರಿಂದ 100 ಗ್ರೇನ್ ತೂಕದ್ದನ್ನು ತೆಗೆದುಕೊಳ್ಳಿ: ಫೆಡರಲ್ ಫ್ಯೂಷನ್, ಹಾರ್ನಡಿ ಇಂಟರ್‌ಲಾಕ್, ನಾಸ್ಲರ್ ಪಾರ್ಟಿಷನ್. ಪಾರ್ಟಿಷನ್ ಗುಂಡನ್ನು ಉದ್ದಕ್ಕೆ ಸೀಳಿ ನೋಡಿದರೆ ನಡುವೆ ತಾಮ್ರದ ಒಂದು ಅಡ್ಡಗೋಡೆ ಕಾಣುತ್ತದೆ. ಮುಂದಿನ ಅರ್ಧ ಅರಳುತ್ತದೆ, ಗೋಡೆಯ ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತಲೇ ಹೋಗುತ್ತದೆ. ಸಣ್ಣ ಕ್ಯಾಲಿಬರಿನಲ್ಲಿ ದೊಡ್ಡ ಪ್ರಾಣಿ ಹೊಡೆಯುವವರಿಗೆ ಇಂಥ ಗುಂಡು ಬೇಕು. ಪೂರ್ತಿ ತಾಮ್ರದ ಗುಂಡುಗಳೂ ಹೀಗೇ ಆಳಕ್ಕೆ ಹೋಗುತ್ತವೆ. ಸೀಸಕ್ಕಿಂತ ತಾಮ್ರ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ತಾಮ್ರದಲ್ಲಿ 80 ಗ್ರೇನ್ ತೆಗೆದುಕೊಂಡರೆ 10 ಇಂಚಿನ ತಿರುವಿಗೂ ಹೊಂದುತ್ತದೆ, ಜಿಂಕೆಗೂ ಸಾಕು. ಕ್ಯಾಲಿಫೋರ್ನಿಯಾದವರಿಗೆ ಹೇಗೂ ಇದೇ ದಾರಿ.

ಈಗ ಮುಖ್ಯ ಪ್ರಶ್ನೆ. ಎರಡು ಬಗೆಯ ಗುಂಡು ಇಟ್ಟುಕೊಳ್ಳಬೇಕಾ, ಒಂದೇ ಸಾಕಾ? ಕಯೋಟಿಯ ಚರ್ಮ ಮಾರುವ ಉದ್ದೇಶ ಇಲ್ಲದಿದ್ದರೆ ಒಂದೇ ಸಾಕು. ಜಿಂಕೆಯ ಗುಂಡಿನಲ್ಲೇ ಕಯೋಟಿಯನ್ನೂ ಹೊಡೆಯಿರಿ. ಚರ್ಮ ಹರಿಯುತ್ತದೆ, ಅಷ್ಟೆ. ಮೊದಲು ಕೋಟಿನ ಕುಲಾವಿಯ ಅಂಚಿಗೆ ಕಯೋಟಿ ತುಪ್ಪಳಕ್ಕೆ ಒಳ್ಳೆಯ ಬೇಡಿಕೆ ಇತ್ತು. ಅದನ್ನು ಹೆಸರುವಾಸಿ ಮಾಡಿದ ಕೆನಡಾ ಗೂಸ್ ಕಂಪನಿಯೇ 2021ರಲ್ಲಿ ತುಪ್ಪಳ ಕೈಬಿಡುವುದಾಗಿ ಹೇಳಿತು. ಚರ್ಮ ಉಳಿಸಲೆಂದು ಎರಡನೇ ಬಗೆಯ ಗುಂಡಿನ ತಲೆನೋವು ಹಚ್ಚಿಕೊಳ್ಳುವ ಕಾರಣ ಈಗ ಅಷ್ಟಾಗಿ ಇಲ್ಲ.

ಹೆಜ್ಜೆ 5: ನಿಮ್ಮ ಭುಜವನ್ನು ಕೇಳಿ

ಒದೆಯುವ ರೈಫಲ್‌ಗೆ ಮೈ ತಾನಾಗಿ ಹೆದರುತ್ತದೆ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ಗುಂಡು ಕೆಳಗೆ ಹೋಗುತ್ತದೆ. ಒಂದೇ ತೂಕದ ರೈಫಲ್‌ಗಳಲ್ಲಿ .308ರ ಒದೆತ .243ಯದ್ದರ ಹತ್ತಿರಹತ್ತಿರ ಎರಡರಷ್ಟು. .30-06 ಇನ್ನೂ ಸ್ವಲ್ಪ ಜಾಸ್ತಿ. ಮನೆಯವರೂ ಮಕ್ಕಳೂ ಅದೇ ರೈಫಲ್ ಹಿಡಿಯುವುದಾದರೆ .243 ಪರವಾಗಿ ಇನ್ನೊಂದು ಓಟು ಬಿತ್ತು. ಕೊಳ್ಳುವ ಮೊದಲು ಸಾಧ್ಯವಾದರೆ ಬಾಡಿಗೆಗೆ ಕೊಡುವ ರೇಂಜಿನಲ್ಲಿ ಎರಡು ಮೂರು ಕ್ಯಾಲಿಬರ್ ಹಾರಿಸಿ ನೋಡಿ. ಮೊದಲ ರೈಫಲ್ ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಚಿಲಕ ಎಳೆಯುವಂಥದ್ದು) ಇರಲಿ, ರೈಫಲ್ ಮೇಲಿನ ದುರ್ಬೀನು 3-9 ಪಟ್ಟಿನದು ಸಾಕು. ಉಳಿದ ದುಡ್ಡನ್ನು ಕಾಡತೂಸಿಗೆ ಹಾಕಿ.

ಹೆಜ್ಜೆ 6: ರೇಂಜಿನಲ್ಲಿ

ಮೊದಲು ಕಾಡತೂಸಿನ ಹಿಂಬದಿ ನೋಡಿ. ಹಿತ್ತಾಳೆಯ ತಳದ ಮೇಲೆ ಸಣ್ಣ ಅಕ್ಷರದಲ್ಲಿ ಕ್ಯಾಲಿಬರ್ ಒತ್ತಿರುತ್ತಾರೆ. ನಳಿಗೆಯ ಮೇಲೂ ಅದೇ ಕೆತ್ತಿರುತ್ತದೆ. ಎರಡೂ ತಾಳೆಯಾಗಬೇಕು. "ಹತ್ತಿರಹತ್ತಿರ ಅದೇ" ಅನ್ನುವುದು ನಡೆಯುವುದಿಲ್ಲ. .300 ಬ್ಲ್ಯಾಕ್‌ಔಟ್‌ನ ಕಾಡತೂಸು .223 ರೈಫಲ್‌ನಲ್ಲಿ ಕೆಲವೊಮ್ಮೆ ಕೂತೇಬಿಡುತ್ತದೆ. ಹಾರಿಸಿದರೆ ರೈಫಲ್ ಮುಖದ ಹತ್ತಿರವೇ ಸಿಡಿಯುತ್ತದೆ. ಒಂದು ಮೇಜಿನ ಮೇಲೆ ಒಂದೇ ಕ್ಯಾಲಿಬರಿನ ಡಬ್ಬಿ ಇರಲಿ.

ಮರಳು ಚೀಲದ ಮೇಲೆ ರೈಫಲ್ ಇಟ್ಟು, 100 ಗಜದಲ್ಲಿ ಮೂರು ಗುಂಡು ಹಾರಿಸಿ. ನಳಿಗೆ ತಣ್ಣಗಾಗಲು ಬಿಡಿ, ಮತ್ತೆ ಮೂರು. ಮೂರೂ ತೂತು ಒಂದೂವರೆ ಇಂಚಿನೊಳಗೆ ಬಿದ್ದರೆ ಎರಡೂ ಪ್ರಾಣಿಗೆ ಸಾಕು. ಆ ಗುಂಪು ಗುರಿಯ ಚುಕ್ಕೆಗಿಂತ ಒಂದೂವರೆ ಇಂಚು ಮೇಲಕ್ಕೆ ಬರುವಂತೆ ದುರ್ಬೀನು ತಿರುಗಿಸಿ. .243ಯ 100 ಗ್ರೇನ್ ಗುಂಡು ಹೀಗೆ ಮಾಡಿದರೆ 200 ಗಜದಲ್ಲಿ ಸುಮಾರಾಗಿ ನೇರಕ್ಕೆ ಬೀಳುತ್ತದೆ, 300ರಲ್ಲಿ ಏಳು ಇಂಚಿನಷ್ಟು ಕೆಳಗೆ. ಅಂದರೆ 200 ಗಜದೊಳಗೆ ಕಯೋಟಿಯಾಗಲಿ ಜಿಂಕೆಯಾಗಲಿ ನೇರ ಗುರಿ ಇಟ್ಟರೆ ಆಯಿತು. ಅದರಾಚೆಗೆ ಕಯೋಟಿಯನ್ನು ಬಿಟ್ಟುಬಿಡಿ, ಕರೆದರೆ ಇನ್ನೂ ಹತ್ತಿರ ಬರುತ್ತದೆ.

ಎರಡು ಬಗೆಯ ಗುಂಡು ಇಟ್ಟುಕೊಳ್ಳುವ ಹಟ ಇದ್ದವರು ಈಗ ಅದೇ ಕಾಗದಕ್ಕೆ, ದುರ್ಬೀನು ಮುಟ್ಟದೆ, 58 ಗ್ರೇನ್ ಮೂರು ಹಾರಿಸಿ ನೋಡಿ. ಹಗುರ ಗುಂಡು ಮೇಲೆ ಬೀಳಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಬೀಳಲೇಬೇಕು ಅಂತೇನಿಲ್ಲ. ಎರಡು ಇಂಚು ಎಡಕ್ಕೂ ಹೋಗಬಹುದು, ಕೆಳಗೂ ಬೀಳಬಹುದು. ಗುಂಡು ಹೊರಡುವ ಹೊತ್ತಿಗೆ ನಳಿಗೆ ಹೇಗೆ ಕಂಪಿಸುತ್ತಿದೆ ಅನ್ನುವುದರ ಮೇಲೆ ಅದು ನಿಂತಿದೆ. ಪ್ರತಿ ರೈಫಲ್‌ಗೂ ಬೇರೆ. ವ್ಯತ್ಯಾಸವನ್ನು ಎಣಿಸಿ, ದುರ್ಬೀನಿನ ತಿರುಗಣೆಯನ್ನು ಎಷ್ಟು ಕ್ಲಿಕ್ ತಿರುಗಿಸಬೇಕು ಎಂದು ಬರೆದು, ಚೀಟಿಯನ್ನು ರೈಫಲ್ ಹಿಡಿಗೆ ಟೇಪಿನಿಂದ ಅಂಟಿಸಿ. ಜಿಂಕೆ ಋತು ಶುರುವಾಗುವ ಮುನ್ನ ತಿರುಗಿಸಿದ್ದನ್ನು ವಾಪಸ್ ತಂದು, ಮತ್ತೆ ಕಾಗದದ ಮೇಲೆ ಹಾರಿಸಿ ಖಾತ್ರಿ ಮಾಡಿಕೊಳ್ಳಿ. ಹಗುರ ಗುಂಡುಗಳನ್ನು ಜಿಂಕೆಗೆ ಹೋಗುವ ದಿನ ಜೇಬಿನಲ್ಲಿ ಇಟ್ಟುಕೊಳ್ಳಲೇಬೇಡಿ. ಚಳಿಯಲ್ಲಿ, ಕತ್ತಲಲ್ಲಿ, ಕೈಗವಸು ಹಾಕಿದ ಬೆರಳಿಗೆ ಎರಡೂ ಒಂದೇ ಥರ.

ಹೆಜ್ಜೆ 7: ಬಯಲಿನಲ್ಲಿ

ಪ್ರಾಣಿಯ ಹಿಂದೆ ಏನಿದೆ ನೋಡಿ. ಗುಡ್ಡವೋ ಮಣ್ಣಿನ ದಿಬ್ಬವೋ ಇರಬೇಕು. ತಪ್ಪಿದ ಗುಂಡು ಎರಡು ಮೈಲಿಯಷ್ಟು ದೂರ ಹೋಗಬಲ್ಲದು. ದಿಬ್ಬದ ನೆತ್ತಿಯ ಮೇಲೆ, ಆಕಾಶಕ್ಕೆ ಎದುರಾಗಿ ನಿಂತ ಜಿಂಕೆ ಎಷ್ಟೇ ಚೆನ್ನಾಗಿ ಕಂಡರೂ ಟ್ರಿಗರ್ ಮುಟ್ಟಬೇಡಿ.

ಕಯೋಟಿಯನ್ನು ಗುರುತಿಸುವುದರಲ್ಲಿ ಇನ್ನಷ್ಟು ಎಚ್ಚರ ಬೇಕು. ಸಾಕಿದ ನಾಯಿಯೂ ಇರಬಹುದು, ಕೆಲವು ರಾಜ್ಯಗಳಲ್ಲಿ ತೋಳವೂ ಇರಬಹುದು. 2022ರ ಫೆಬ್ರವರಿಯ ಕೋರ್ಟ್ ತೀರ್ಪಿನ ನಂತರ ದೇಶದ ಬಹುಭಾಗದಲ್ಲಿ ಬೂದು ತೋಳಕ್ಕೆ ಮತ್ತೆ ಕೇಂದ್ರದ ರಕ್ಷಣೆ ಸಿಕ್ಕಿದೆ. ಕಯೋಟಿಯ ಮೂತಿ ಚೂಪು, ಕಿವಿ ಮೈಗೆ ಹೋಲಿಸಿದರೆ ದೊಡ್ಡದು. ತೋಳದ ಮೂತಿ ದಪ್ಪ, ಕಿವಿ ಗುಂಡಗೆ, ಕಾಲು ಉದ್ದ. ಖಾತ್ರಿ ಇಲ್ಲದಿದ್ದರೆ ಹೊಡೆಯಬೇಡಿ.

ಜಿಂಕೆ ಪಕ್ಕಕ್ಕೆ ತಿರುಗಿ ನಿಲ್ಲುವವರೆಗೆ ಕಾಯಿರಿ. ಮುಂಗಾಲಿನ ಹಿಂಬದಿಗೆ, ಎದೆಯ ನಡುಮಟ್ಟಕ್ಕಿಂತ ಕೊಂಚ ಕೆಳಗೆ ಗುರಿ. ಅಲ್ಲಿ 100 ಗ್ರೇನ್ ಗುಂಡು ಎರಡೂ ಶ್ವಾಸಕೋಶ ದಾಟುತ್ತದೆ. ಹಿಂಭಾಗ ತೋರಿಸಿ ನಿಂತ ಜಿಂಕೆಗೆ .243 ಅಲ್ಲ, .30-06 ಇದ್ದರೂ ಹೊಡೆಯಬಾರದು.

ಮನೆಗೆ ಬಂದ ಮೇಲೆ ರೈಫಲ್ ಖಾಲಿ ಮಾಡಿ ಬೀಗದ ಪೆಟ್ಟಿಗೆಯಲ್ಲಿ, ಕಾಡತೂಸು ಬೇರೆ ಕಡೆ. ಆಮೇಲೆ ಜಾಕೆಟ್, ಬೆನ್ನುಚೀಲದ ಎಲ್ಲ ಜೇಬುಗಳನ್ನೂ ಒಳಹೊರಗು ಮಾಡಿ ಕೊಡವಿ. ಇದನ್ನು ಶಿಕಾರಿ ಪುಸ್ತಕಗಳಲ್ಲಿ ಬರೆದಿರುವುದಿಲ್ಲ, ನಮ್ಮವರಿಗೆ ಮಾತ್ರ ಬೇಕಾದ ಬುದ್ಧಿಮಾತು. ಅದೇ ಚೀಲ ಡಿಸೆಂಬರ್ ರಜೆಗೆ ಬೆಂಗಳೂರಿಗೆ ಬರುತ್ತದೆ. ಮರೆತ ಒಂದೇ ಒಂದು ಜೀವಂತ ಕಾಡತೂಸು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ, ರಜೆ ಪೊಲೀಸ್ ಠಾಣೆಯಲ್ಲೂ ಕೋರ್ಟಿನಲ್ಲೂ ಮುಗಿಯುತ್ತದೆ. ಶಿಕಾರಿಗೆ ಒಂದು ಚೀಲ ಬೇರೆಯೇ ಇಡಿ, ಅದನ್ನು ಪ್ರಯಾಣಕ್ಕೆ ತೆಗೆಯಬೇಡಿ.